ಕಾಲು ಉಳುಕಿದರೆ ಐಸ್, ಮನಸ್ಸು ಉಳುಕಿದರೆ?

ಮುರ್ಡೇಶ್ವರದ ಮಾವಳ್ಳಿಯಲ್ಲಿ ಸಂಜೆ ವಾಲಿಬಾಲ್ ಆಡುವಾಗ ಯಾರದ್ದಾದರೂ ಕಾಲು ಉಳುಕಿದರೆ ನಾಲ್ಕು ಜನ ಐಸ್ ತರಲು ಓಡ್ತೇವೆ. ಅದೇ ಹುಡುಗ ಎರಡು ವಾರ ಮೈದಾನಕ್ಕೆ ಬಾರದೆ ಕೋಣೆಯಲ್ಲೇ ಮಲಗಿದ್ದರೆ "ಸೋಮಾರಿ" ಅಂದು ಸುಮ್ಮನಾಗ್ತೇವೆ. ಈ ಸಲದ ಪಾಠ ಅವನ ಬಗ್ಗೆ.

ಕೊಡಗಿನ ರಾಬಿನ್ ಉತ್ತಪ್ಪ ನಮಗೆಲ್ಲ ಗೊತ್ತು. 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 2009ರಿಂದ 2011ರವರೆಗೆ ತಾನು ಖಿನ್ನತೆಯಲ್ಲಿದ್ದೆ, ಬದುಕೇ ಬೇಡ ಅನ್ನಿಸುತ್ತಿತ್ತು ಎಂದು 2020ರಲ್ಲಿ ಅವರೇ ಹೇಳಿಕೊಂಡರು. ಆಟ ಇದ್ದ ದಿನ ಹೇಗೋ ಕಳೆಯುತ್ತಿತ್ತು, ಇಲ್ಲದ ದಿನವೇ ಕಷ್ಟವಾಗುತ್ತಿತ್ತಂತೆ. ಅವರು ನೆರವು ಪಡೆದರು. 2014ರ ಐಪಿಎಲ್‌ನಲ್ಲಿ 660 ರನ್ ಹೊಡೆದು ಎಲ್ಲರಿಗಿಂತ ಮುಂದಿದ್ದದ್ದು ಅದರ ನಂತರ.

ಉತ್ತಪ್ಪ ಹೇಳಿದ್ದು ಖಿನ್ನತೆಯ ಬಗ್ಗೆ. ಬೈಪೋಲಾರ್ ಕಾಯಿಲೆಯಲ್ಲಿ ಇದಕ್ಕೆ ಎದುರಾದ ಇನ್ನೊಂದು ತುದಿಯೂ ಇರುತ್ತದೆ: ಉನ್ಮಾದ. ಬೆಳಿಗ್ಗೆ ಖುಷಿ, ಸಂಜೆ ಬೇಜಾರು ಆಗೋದನ್ನೆಲ್ಲ ಬೈಪೋಲಾರ್ ಅನ್ನೋದು ತಪ್ಪು. ಉನ್ಮಾದ ಸಾಮಾನ್ಯವಾಗಿ ಒಂದು ವಾರವಾದರೂ ಇರುತ್ತದೆ, ಖಿನ್ನತೆ ಎರಡು ವಾರ ಅಥವಾ ಇನ್ನೂ ಹೆಚ್ಚು.

ಉನ್ಮಾದವನ್ನು ಗುರುತಿಸೋದು ಕಷ್ಟ, ಯಾಕೆಂದರೆ ಶುರುವಿನಲ್ಲಿ ಅದು ಉತ್ಸಾಹದ ಹಾಗೇ ಕಾಣುತ್ತದೆ. ಮೂರೇ ಗಂಟೆ ನಿದ್ದೆ, ಆದರೂ ಸುಸ್ತಿಲ್ಲ. ಮಾತು ನಿಲ್ಲೋದಿಲ್ಲ. ಒಂದೇ ರಾತ್ರಿ ಐದು ಪ್ರಾಜೆಕ್ಟ್ ಶುರು, ಕೈಯಲ್ಲಿದ್ದ ದುಡ್ಡೆಲ್ಲ ಖರ್ಚು. ಹಾಸ್ಟೆಲ್‌ನಲ್ಲಿ ನಾವು ಇಂಥವರಿಗೆ ಚಪ್ಪಾಳೆ ತಟ್ಟುತ್ತೇವೆ! ಪರೀಕ್ಷೆಗೆ ನಿದ್ದೆಗೆಟ್ಟವನು ಮರುದಿನ ತೂಕಡಿಸುತ್ತಾನೆ. ಉನ್ಮಾದದಲ್ಲಿ ಇರುವವನಿಗೆ ನಿದ್ದೆ ಬೇಕು ಅಂತಲೇ ಅನಿಸೋದಿಲ್ಲ. ಈ ವ್ಯತ್ಯಾಸ ನೆನಪಿಡಿ.

ಬ್ರಿಟನ್ನಿನ ಫ್ರಾಂಕ್ ಬ್ರೂನೋ 1995ರಲ್ಲಿ ಹೆವಿವೇಟ್ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್. 2003ರಲ್ಲಿ ಅವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದಾಗ ಪತ್ರಿಕೆಯೊಂದು ಮುಖಪುಟದಲ್ಲೇ ಗೇಲಿ ಮಾಡಿತು. ಜನ ಸಿಟ್ಟಾದ ಮೇಲೆ ಅದೇ ರಾತ್ರಿ ತಲೆಬರಹ ಬದಲಾಯಿಸಿತು. ಬ್ರೂನೋ ಅಡಗಿ ಕೂರಲಿಲ್ಲ. ತನಗೆ ಬೈಪೋಲಾರ್ ಇದೆ ಎಂದು ಹೇಳಿಕೊಂಡು, ತನ್ನ ಹೆಸರಿನ ಪ್ರತಿಷ್ಠಾನದ ಮೂಲಕ ಇಂಥವರಿಗಾಗಿ ಕೆಲಸಕ್ಕಿಳಿದರು.

ಇದಕ್ಕೆ ಚಿಕಿತ್ಸೆ ಇದೆ. ಲಿಥಿಯಂ 1949ರಿಂದ ಗೊತ್ತಿರುವ ಔಷಧ. ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಪರೀಕ್ಷಿಸಬೇಕು. ಕರಾವಳಿಯ ಸೆಕೆಯಲ್ಲಿ ಆಡಿ ಬೆವರಿ, ನೀರು ಕುಡಿಯದಿದ್ದರೆ ಆ ಪ್ರಮಾಣ ಏರಬಹುದು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯಿಂದಲೂ ಏರಬಹುದು. ಹಾಗಾಗಿ ಆಟ ಆಡ್ತೇನೆ ಅನ್ನೋದನ್ನು ಡಾಕ್ಟರಿಗೆ ಹೇಳಲೇಬೇಕು. ಹಾಗೆಯೇ ಖಿನ್ನತೆ ಅಂತ ಹೋದವರು ಹಿಂದಿನ "ಜೋರು ದಿನ"ಗಳನ್ನೂ ಹೇಳಬೇಕು. ಬೈಪೋಲಾರ್ ಇರುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವೊಮ್ಮೆ ಉನ್ಮಾದ ಕೆರಳುತ್ತದೆ. ಚೆನ್ನಾಗಿದ್ದೇನೆ ಅಂತ ಮಾತ್ರೆಯನ್ನು ತಾವೇ ನಿಲ್ಲಿಸೋದಂತೂ ಬೇಡವೇ ಬೇಡ.

ಗೆಳೆಯರಾಗಿ ನಾವೇನು ಮಾಡಬಹುದು? ಕಾಯಿಲೆಗೆ ಹೆಸರಿಡೋದು ಡಾಕ್ಟರ ಕೆಲಸ. "ನಾಲ್ಕು ದಿನದಿಂದ ನೀನು ಮಲಗಿಲ್ಲ, ಬಾ, ತೋರಿಸಿಕೊಂಡು ಬರೋಣ" ಅನ್ನೋದು ನಮ್ಮ ಕೆಲಸ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಅವನನ್ನು ಒಬ್ಬನೇ ಬಿಡಬೇಡಿ. ಐಸ್ ತರೋಕೆ ಓಡಿದಷ್ಟೇ ಬೇಗ ಓಡಿ.