ಮೆದುಳಿನ ಗಂತಿ ಔಷಧಕ್ಕೆ ಮಣಿಯದಿರುವುದೇಕೆ?

ಮೆದುಳಿನಲ್ಲಿ ಹುಟ್ಟುವ ಕ್ಯಾನ್ಸರ್ ಗಂತಿಗಳಲ್ಲಿ ಗ್ಲಿಯೋಬ್ಲಾಸ್ಟೋಮ ಎಂಬುದು ಅತ್ಯಂತ ಉಗ್ರವಾದುವುಗಳಲ್ಲೊಂದು. ಇದರ ಕೋಶಗಳು ಬೇರುಗಳಂತೆ ಸುತ್ತಣ ಭಾಗಕ್ಕೆ ಹರಡುವುದರಿಂದ ಶಸ್ತ್ರವೈದ್ಯನು ಎಲ್ಲವನ್ನೂ ಕತ್ತರಿಸಿ ತೆಗೆಯಲಾರನು. ಉಳಿದುವನ್ನು ವಿಕಿರಣದಿಂದಲೂ ಔಷಧದಿಂದಲೂ ಕೊಲ್ಲಬೇಕು. ಆದರೆ ಸಾಮಾನ್ಯವಾಗಿ ಕೆಲವು ತಿಂಗಳುಗಳ ತರುವಾಯ ಗಂತಿ ಮತ್ತೆ ಬೆಳೆಯುತ್ತದೆ. ಆಗ ಹಿಂದಿನ ಔಷಧ ಬಹುಮಟ್ಟಿಗೆ ನಿಷ್ಫಲವಾಗುತ್ತದೆ. ಕಾರಣವೇನು?

ಮೊದಲ ತಡೆ ಮೆದುಳಿನ ರಕ್ತನಾಳಗಳಲ್ಲಿಯೇ ಇದೆ. ಅವುಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಬಹುತೇಕ ಔಷಧಗಳನ್ನು ಒಳಗೆ ಬಿಡುವುದಿಲ್ಲ. ಟೆಮೋಜೋಲಮೈಡ್ ಎಂಬ ಔಷಧದ ಅಣು ಪುಟ್ಟದಾದುದರಿಂದ ತಕ್ಕಮಟ್ಟಿಗೆ ಈ ಗೋಡೆಯನ್ನು ದಾಟುತ್ತದೆ.

ಅದು ಕೊಲ್ಲುವ ಬಗೆಯನ್ನು ನೋಡೋಣ. ಈ ಔಷಧ ಡಿ.ಎನ್.ಎ.ಯ ಗ್ವಾನೀನ್ ಘಟಕಕ್ಕೆ ಒಂದು ಮೀಥೈಲ್ ಗುಂಪನ್ನು ಅಂಟಿಸುತ್ತದೆ. ಕೋಶವು ಡಿ.ಎನ್.ಎ.ಯ ಪ್ರತಿ ತೆಗೆಯುವಾಗ ಅಂಥ ಗ್ವಾನೀನಿನ ಎದುರು ಸೈಟೋಸೀನಿಗೆ ಬದಲು ಥೈಮೀನ್ ಬಂದು ಕೂರುತ್ತದೆ. ದುರಸ್ತಿಯ ಪ್ರೋಟೀನುಗಳು ತಪ್ಪನ್ನು ಕಂಡು ಹೊಸ ಎಳೆಯ ಥೈಮೀನನ್ನು ಕತ್ತರಿಸಿ ಹಾಕುತ್ತವೆ. ಆದರೆ ಕೆಟ್ಟ ಗ್ವಾನೀನ್ ಹಳೆಯ ಎಳೆಯಲ್ಲಿಯೇ ಉಳಿದಿದೆ. ಆದುದರಿಂದ ಮತ್ತೆ ಥೈಮೀನೇ ಬರುತ್ತದೆ. ಈ ವ್ಯರ್ಥ ದುರಸ್ತಿ ಮರುಕಳಿಸಿದಂತೆ ಎಳೆಗಳು ತುಂಡಾಗಿ ಕೋಶ ಸಾಯುತ್ತದೆ.

ಇದರಿಂದ ಪಾರಾಗಲು ಕೋಶಕ್ಕೆ ಎರಡು ಮುಖ್ಯ ಮಾರ್ಗಗಳುಂಟು. ಎಂ.ಜಿ.ಎಂ.ಟಿ. ಎಂಬ ಪ್ರೋಟೀನು ಆ ಮೀಥೈಲ್ ಗುಂಪನ್ನು ಕಿತ್ತು ತನಗೇ ಅಂಟಿಸಿಕೊಳ್ಳುತ್ತದೆ. ಒಂದು ಅಣು ಒಂದೇ ಸಲ ಈ ಕೆಲಸ ಮಾಡಬಲ್ಲದು, ಬಳಿಕ ನಾಶವಾಗುತ್ತದೆ. ಆದುದರಿಂದ ಪ್ರೋಟೀನು ಹೇರಳವಾಗಿರುವ ಕೋಶವೇ ಬದುಕುತ್ತದೆ. ಎರಡನೆಯ ಮಾರ್ಗ ವಿಚಿತ್ರವಾದುದು: ತಪ್ಪನ್ನು ಗುರುತಿಸುವ ದುರಸ್ತಿ ವ್ಯವಸ್ಥೆಯೇ ಕೆಟ್ಟರೆ, ಕೋಶವು ತಪ್ಪುಗಳನ್ನು ಹೊತ್ತುಕೊಂಡೇ ಬಾಳುತ್ತದೆ.

ಸ್ವಲ್ಪ ಲೆಕ್ಕ ಹಾಕಿರಿ. 100 ಕೋಟಿ ಕೋಶಗಳಲ್ಲಿ ಸಾವಿರಕ್ಕೆ 999 ಸತ್ತರೂ 10 ಲಕ್ಷ ಉಳಿಯುತ್ತವೆ. ಅವುಗಳಲ್ಲಿ ಪ್ರತಿರೋಧವುಳ್ಳವು ಮೊದಲೇ ಇದ್ದಿರಬಹುದು, ಇಲ್ಲವೆ ಔಷಧದಿಂದಾದ ಮಾರ್ಪಾಡುಗಳಿಂದ ಹುಟ್ಟಿರಬಹುದು. ಮರಳಿ ಬೆಳೆಯುವ ಗಂತಿ ಇಂಥವುಗಳ ಸಂತತಿ.

2005ರಲ್ಲಿ ಪ್ರಕಟವಾದ, 573 ರೋಗಿಗಳ ಪರೀಕ್ಷೆಯೊಂದರಲ್ಲಿ ವಿಕಿರಣ ಮಾತ್ರ ಪಡೆದವರ ಮಧ್ಯಮ ಜೀವಿತಾವಧಿ 12.1 ತಿಂಗಳು, ಟೆಮೋಜೋಲಮೈಡನ್ನೂ ಪಡೆದವರದು 14.6 ತಿಂಗಳು. ಆದರೆ ಯಾರ ಗಂತಿಯಲ್ಲಿ ಎಂ.ಜಿ.ಎಂ.ಟಿ. ಜೀನು ಮುಚ್ಚಿಕೊಂಡಿತ್ತೋ ಅವರಲ್ಲಿ ಈ ಅವಧಿಗಳು ಕ್ರಮವಾಗಿ 15.3 ಮತ್ತು 21.7 ತಿಂಗಳು. ಹಾಗಾದರೆ ಎಂ.ಜಿ.ಎಂ.ಟಿ.ಯನ್ನು ತಡೆದರಾಯಿತಲ್ಲವೆ? ಅದನ್ನೂ ಪ್ರಯತ್ನಿಸಿದ್ದಾರೆ. ಆದರೆ ಅದೇ ಪ್ರೋಟೀನು ರಕ್ತವನ್ನು ಉತ್ಪಾದಿಸುವ ಮಜ್ಜೆಯನ್ನೂ ಕಾಯುವುದರಿಂದ ಔಷಧದ ವಿಷ ಅಲ್ಲಿಯೂ ತಗಲುತ್ತದೆ.

ಔಷಧ ಫಲಿಸದಾಗ ರೋಗಿಯ ಮನೋಬಲ ಸಾಲದಾಯಿತೆಂದು ಕೆಲವರು ಹೇಳುವುದುಂಟು. ಅದು ಅನ್ಯಾಯ. ಸೋಲುಗೆಲುವುಗಳನ್ನು ಬಹುಮಟ್ಟಿಗೆ ನಿರ್ಣಯಿಸುವುದು ಅಣುಗಳ ಈ ಲೆಕ್ಕಾಚಾರ. ಅದನ್ನು ಬದಲಿಸುವ ದಾರಿಯನ್ನೇ ವಿಜ್ಞಾನ ಇಂದು ಹುಡುಕುತ್ತಿದೆ.