ಇದರಾಗ ಅವ್ವ ಎಲ್ಲಿ?



ಸಿನಿಮಾ ಎಂದರೆ ನಮಗೆಲ್ಲ ಇಷ್ಟ. ಕೆಲವರು ಟೆಂಟಿನಲ್ಲಿ ನೋಡಿದ್ದೇವೆ. ಕೆಲವರು ಟಾಕೀಸಿನಲ್ಲಿ ನೋಡಿದ್ದೇವೆ. ಮನೆಯ ಟಿ.ವಿ.ಯಲ್ಲಿಯೂ ನೋಡುತ್ತೇವೆ. ಈಗ ಮೊಬೈಲಿನಲ್ಲಿಯೂ ಸಿನಿಮಾ ಬರುತ್ತದೆ. ನೋಡಿ ನಗುತ್ತೇವೆ. ನೋಡಿ ಅಳುತ್ತೇವೆ. ಆದರೆ ಸಿನಿಮಾ ಹೇಗೆ ತಯಾರಾಗುತ್ತದೆ? ಅದರಲ್ಲಿ ಯಾರು ಕಾಣುತ್ತಾರೆ? ಯಾರು ಕಾಣುವುದಿಲ್ಲ? ಒಂದು ಮನೆಯ ಅಕ್ಕ, ತಮ್ಮ, ತಂಗಿ ಇದೇ ಮಾತು ಆಡಿದರು. ಅದನ್ನು ಓದೋಣ ಬನ್ನಿ.

1. ಯಾರಿಗೆ ಯಾವ ಸಿನಿಮಾ?

ಚಿಂಚೋಳಿ ತಾಲೂಕಿನಲ್ಲಿ ಚಂದ್ರಂಪಳ್ಳಿ ಎಂಬ ಊರು ಇದೆ. ಊರ ಹತ್ತಿರ ಅಣೆಕಟ್ಟೆ ಇದೆ. ಸುತ್ತಲೂ ಕಾಡು ಇದೆ. ಆ ಊರಿನ ಒಂದು ಮನೆಯಲ್ಲಿ ತಂಗಿ ಮತ್ತು ಅಪ್ಪ ಇದ್ದಾರೆ. ಅಕ್ಕನ ಮನೆಯೂ ಅದೇ ಓಣಿಯಲ್ಲಿದೆ. ತಮ್ಮ ವಾಡಿಯಲ್ಲಿ ಸಿಮೆಂಟ್ ಫ್ಯಾಕ್ಟರಿಯ ಕೆಲಸಕ್ಕೆ ಹೋಗುತ್ತಾನೆ. ತಿಂಗಳಿಗೊಮ್ಮೆ ಊರಿಗೆ ಬರುತ್ತಾನೆ. ವಾಡಿಯಲ್ಲಿ ರೈಲು ಹತ್ತುತ್ತಾನೆ. ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿಯುತ್ತಾನೆ. ಅಲ್ಲಿಂದ ಬಸ್ಸಿನಲ್ಲಿ ಬರುತ್ತಾನೆ.

ಅವ್ವ ತೀರಿಕೊಂಡು ಒಂದು ವರ್ಷವಾಗಿದೆ. ಅವ್ವ ಇದ್ದಾಗ ಅಕ್ಕನಿಗೆ ಓದು ಬರುತ್ತಿರಲಿಲ್ಲ. ಆಮೇಲೆ ಸಾಕ್ಷರತಾ ಕೇಂದ್ರಕ್ಕೆ ಹೋಗಿ ಕಲಿತಳು. ಈಗ ಬಸ್ಸಿನ ಬೋರ್ಡು ಓದುತ್ತಾಳೆ. ಸಿನಿಮಾದಲ್ಲಿ ಬರುವ ಹೆಸರುಗಳನ್ನೂ ಓದುತ್ತಾಳೆ.

ಅಂದು ರಾತ್ರಿ ಊಟ ಆಗಿತ್ತು. ಮೂವರೂ ಅಂಗಳದಲ್ಲಿ ಕುಳಿತಿದ್ದರು.

“ಅಕ್ಕಾ, ನಿನಗ ಯಾವ ಸಿನಿಮಾ ಭಾಳ ಸೇರ್ತದ?” ಎಂದು ತಂಗಿ ಕೇಳಿದಳು.

“ಬಂಗಾರದ ಮನುಷ್ಯ. ರಾಜಕುಮಾರ್ ಅವರದು. ಅವ್ವ ಹಾಡು ಸುದ್ದಾ ಹೇಳ್ತಿದ್ದಳು. 1972ರಾಗ ಬಂದಿದ್ದು. ಅದರಾಗ ಅಕ್ಕನ ಗಂಡ ತೀರಿಕೊಂಡಿರ್ತಾನ. ತಮ್ಮ ಬಂದು ಅಕ್ಕನ ಮನಿ ಕಾಯ್ತಾನ. ಹೊಲ ಮಾಡ್ತಾನ. ನಮ್ಮ ತಮ್ಮ ನೋಡು, ತಿಂಗಳಿಗೊಮ್ಮೆ ಮಾರಿ ತೋರಿಸ್ತಾನ!”

ಎಲ್ಲರೂ ನಕ್ಕರು.

ತಮ್ಮ ಹೇಳಿದ: “ನನಗ ಶಂಕರ್‌ನಾಗ್ ಸಿನಿಮಾ ಬೇಕು. ಮಿಂಚಿನ ಓಟ ನೋಡೀಯೇನು? 1980ರದು. ಶಂಕರ್‌ನಾಗೇ ಮಾಡ್ಸ್ಯಾರ. ಅವರ ಅಣ್ಣ ಅನಂತ್‌ನಾಗ್ ಸುದ್ದಾ ಅದರಾಗ ಅದಾರ. ಅಣ್ಣತಮ್ಮ ಕೂಡಿ ಓಡ್ತಾರ ನೋಡು, ಕಣ್ಣು ಮಿಟುಕಿಸೂದಾಗಲ್ಲ.”

“ನನಗ ಮಾಲ್ಗುಡಿ ಡೇಸ್. ಅದು ಸಿನಿಮಾ ಅಲ್ಲ, ಟಿ.ವಿ. ಧಾರಾವಾಹಿ. ಅದನ್ನೂ ಶಂಕರ್‌ನಾಗ್ ಮಾಡ್ಸ್ಯಾರ” ಎಂದಳು ತಂಗಿ.

ತಂಗಿ ಚಿಂಚೋಳಿಯಲ್ಲಿ ಕಾಲೇಜು ಓದುತ್ತಾಳೆ. ಅವಳಿಗೆ ಆ ಧಾರಾವಾಹಿಯ ಕಥೆಯೆಲ್ಲ ಗೊತ್ತು. ಅದರ ಕಥೆಗಳನ್ನು ಬರೆದವರು ಆರ್.ಕೆ. ನಾರಾಯಣ್. ಚಿತ್ರ ಬಿಡಿಸಿದವರು ಅವರ ತಮ್ಮ ಆರ್.ಕೆ. ಲಕ್ಷ್ಮಣ್. ನಡೆಸಿಕೊಟ್ಟವರು ಶಂಕರ್‌ನಾಗ್. ಅವರ ಅಣ್ಣ ಅನಂತ್‌ನಾಗ್ ಅದರಲ್ಲಿ ಪಾತ್ರ ಮಾಡಿದರು. ಶಿವಮೊಗ್ಗ ಜಿಲ್ಲೆಯ ಆಗುಂಬೆಯೇ ಆ ಕಥೆಯ ಮಾಲ್ಗುಡಿ ಊರಾಯಿತು. ಶಂಕರ್‌ನಾಗ್ ಅವರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರು ಮಾಡಿದ ಚಿತ್ರಗಳು ಉಳಿದಿವೆ.

“ಎರಡು ಜೋಡಿ ಅಣ್ಣತಮ್ಮಂದಿರು! ಅಕ್ಕತಂಗಿಯರು ಎಲ್ಲಿ ಹೋದರು?” ಎಂದು ಅಕ್ಕ ಕೇಳಿದಳು.

2. ಓಡುವ ಚಿತ್ರ

“ತಮ್ಮಾ, ಚಿತ್ರ ಓಡ್ತದಲ್ಲ, ಅದು ಹ್ಯಾಂಗ?” ಎಂದು ಅಕ್ಕ ಕೇಳಿದಳು.

“ಖರೆ ಹೇಳಬೇಕಂದ್ರ ಚಿತ್ರ ಓಡಲ್ಲ ಅಕ್ಕಾ. ನಿಂತ ಫೋಟೋ ಅವು. ಒಂದರ ಹಿಂದ ಒಂದು ಬರ್ತಾವ. ಒಂದು ಸೆಕೆಂಡಿಗೆ 24 ಫೋಟೋ. ಅಷ್ಟು ಜಲ್ದಿ ಬಂದ್ರ ನಮ್ಮ ಕಣ್ಣಿಗೆ ಬಿಡಿಬಿಡಿ ಕಾಣಲ್ಲ. ಓಡಿದಂಗ ಕಾಣಸ್ತದ.”

ಅಕ್ಕ ಬೆರಳು ಎಣಿಸಿದಳು. ನೋಟ್‌ಬುಕ್ ತಂದು ಲೆಕ್ಕ ಬರೆದಳು. ಒಂದು ನಿಮಿಷಕ್ಕೆ 60 ಸೆಕೆಂಡು. 24 ಗುಣಿಲೆ 60 ಎಂದರೆ 1,440. ಎರಡೂವರೆ ತಾಸಿನ ಸಿನಿಮಾ ಎಂದರೆ 150 ನಿಮಿಷ. 1,440 ಗುಣಿಲೆ 150 ಎಂದರೆ 2,16,000.

“ಯವ್ವಾ! ಎರಡು ಲಕ್ಷದ ಹದಿನಾರು ಸಾವಿರ ಫೋಟೋ!” ಎಂದು ಅಕ್ಕ ಬೆರಗಾದಳು.

ತಂಗಿ ಹೇಳಿದಳು: “ಮೊದಲು ಟಿಕೀಟು ಇಟ್ಟು ಪರದೆ ಮ್ಯಾಲ ಸಿನಿಮಾ ತೋರಿಸಿ ಹೆಸರಾದವರು ಸುದ್ದಾ ಅಣ್ಣತಮ್ಮಂದಿರೇ. ಫ್ರಾನ್ಸ್ ದೇಶದ ಲೂಮಿಯೇರ್ ಸಹೋದರರು. 1895ರ ಡಿಸೆಂಬರ್ 28ಕ್ಕೆ ಪ್ಯಾರಿಸ್‌ನಾಗ ತೋರಿಸಿದ್ರು. ಮರುವರ್ಷ, 1896ರ ಜುಲೈದಾಗ ಮುಂಬೈಗೆ ಬಂತು. ಆಗ ಅವು ಬರೇ ಒಂದೊಂದು ನಿಮಿಷದ ಸಿನಿಮಾ.”

“ಒಂದು ನಿಮಿಷದಾಗ ಏನು ತೋರಿಸಿದ್ರು? ರಾಜನ ಕಥಿಯೇನು?”

“ಅಲ್ಲ ಅಕ್ಕಾ. ಅವರದೊಂದು ಫ್ಯಾಕ್ಟರಿ ಇತ್ತು. ಅದರ ಬಾಗಿಲು ತೆರೀತದ. ಕೆಲಸಗಾರರು ಹೊರಗ ಬರ್ತಾರ. ಅಷ್ಟೇ. ಹಂಗ ಬರೂ ಮಂದಿಯಾಗ ಹೆಣ್ಮಕ್ಕಳೇ ಭಾಳ.”

ತಮ್ಮ ಸುಮ್ಮನಾದ. ದಿನವೂ ಪಾಳಿ ಮುಗಿದಾಗ ಅವನೂ ಫ್ಯಾಕ್ಟರಿಯ ಬಾಗಿಲಿನಿಂದ ಹೊರಗೆ ಬರುತ್ತಾನೆ. ಅದೂ ಒಂದು ಸಿನಿಮಾ ಆಗುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ.

3. ಕೌದಿ ಹೊಲಿದಂತೆ

“ಹೆಸರು ಬರ್ತಾವಲ್ಲ, ನಾ ಓದ್ತೀನಿ. ನಿರ್ದೇಶನ, ಛಾಯಾಗ್ರಹಣ, ಸಂಕಲನ ಅಂತ ಇರ್ತದ. ಹಂಗಂದ್ರ ಏನು?” ಎಂದು ಅಕ್ಕ ಕೇಳಿದಳು.

ತಮ್ಮ ಒಂದೊಂದಾಗಿ ಹೇಳಿದ. ಮೊದಲು ಕಥೆ ಬೇಕು. ಕಥೆಯನ್ನು ದೃಶ್ಯಗಳಾಗಿ ಒಡೆದು ಬರೆಯುವುದು ಚಿತ್ರಕಥೆ. ಯಾರು ಎಲ್ಲಿ ನಿಲ್ಲಬೇಕು, ಹೇಗೆ ಮಾತಾಡಬೇಕು, ಕ್ಯಾಮೆರಾ ಏನು ನೋಡಬೇಕು ಎಂದು ಹೇಳುವವರು ನಿರ್ದೇಶಕರು. ಬೆಳಕು ನೋಡಿ ಕ್ಯಾಮೆರಾ ನಡೆಸುವುದು ಛಾಯಾಗ್ರಹಣ. ಮಾತು, ಸಪ್ಪಳ ಹಿಡಿಯುವವರು ಬೇರೆ. ಬಟ್ಟೆ ಹೊಲಿಯುವವರು, ಬಣ್ಣ ಹಚ್ಚುವವರು, ಅಡಿಗೆ ಮಾಡುವವರು ಬೇರೆ. ಒಂದು ಸಿನಿಮಾಕ್ಕೆ ನೂರಾರು ಕೈಗಳು ದುಡಿಯುತ್ತವೆ.

“ಸಂಕಲನ?”

“ಕೌದಿ ಹೊಲಿದಂಗ ಅಕ್ಕಾ. ಸಿನಿಮಾ ಒಮ್ಮೆಲೆ ತೆಗಿಯಲ್ಲ. ತುಂಡು ತುಂಡು ತೆಗೀತಾರ. ಆಮ್ಯಾಲ ಬೇಕಾದ್ದು ಇಟ್ಟು, ಬ್ಯಾಡಾದ್ದು ಬಿಟ್ಟು ಜೋಡಸ್ತಾರ.”

ಅಕ್ಕನಿಗೆ ತಟ್ಟನೆ ತಿಳಿಯಿತು. ಅವ್ವ ಹಳೆಯ ಸೀರೆ ಹರಿದು ಕೌದಿ ಹೊಲಿಯುತ್ತಿದ್ದಳು. ಕೆಂಪು ತುಂಡಿನ ಬಾಜು ಹಸಿರು ಇಟ್ಟರೆ ಒಂದು ಚೆಂದ. ಅದೇ ಕೆಂಪಿನ ಬಾಜು ಬಿಳಿ ಇಟ್ಟರೆ ಬೇರೆ ಚೆಂದ.

ತಂಗಿ ಹೇಳಿದಳು: “ರಷ್ಯಾ ದೇಶದ ಕುಲೆಶೋವ್ ಅನ್ನೋ ನಿರ್ದೇಶಕರು ಇದನ್ನೇ ಮಾಡಿ ತೋರಿಸಿದ್ರಂತ. ಸುಮಾರು 100 ವರ್ಷದ ಹಿಂದ. ಒಬ್ಬ ಗಂಡಸಿನ ಮುಖದ ಚಿತ್ರ ತಗೊಂಡ್ರು. ಅದರ ಬಾಜು ಊಟದ ಬಟ್ಟಲಿನ ಚಿತ್ರ ಇಟ್ರು. ನೋಡಿದ ಮಂದಿ ‘ಪಾಪ, ಹಸಿದಾನ’ ಅಂದ್ರು. ಅದೇ ಮುಖದ ಬಾಜು ಸತ್ತ ಕೂಸಿನ ಚಿತ್ರ ಇಟ್ರು. ಮಂದಿ ‘ಎಷ್ಟು ದುಃಖ ಅವನಿಗೆ’ ಅಂದ್ರು. ಮುಖ ಮಾತ್ರ ಅದೇ ಇತ್ತು!”

“ಹಂಗಾದ್ರ ಯಾವ ತುಂಡು ಇಡ್ತೀವಿ, ಯಾವುದು ಬಿಡ್ತೀವಿ ಅನ್ನೂದೇ ದೊಡ್ಡದು” ಎಂದಳು ಅಕ್ಕ.

4. ಲಗ್ನದ ವಿಡಿಯೋ

ಆಗ ತಂಗಿಗೆ ಒಂದು ನೆನಪಾಯಿತು.

“ಅಣ್ಣಾ, ಎರಡು ವರ್ಷದ ಹಿಂದ ಕಾಕಾನ ಮಗನ ಲಗ್ನ ಆಯ್ತಲ್ಲ. ನೀ ಮೊಬೈಲಿನಾಗ ತೆಗೆದಿದ್ದಿ. ಅದನ್ನ ಹಚ್ಚು. ಅವ್ವನ ನೋಡೋಣು.”

ತಮ್ಮ ವಿಡಿಯೋ ಹಚ್ಚಿದ. ಮೂವರೂ ತಲೆಗೆ ತಲೆ ಹಚ್ಚಿ ನೋಡಿದರು. ಬಾಜಾ ಬಂತು. ಮದುಮಗ ಕುದುರೆಯಿಂದ ಇಳಿದ. ಹುಡುಗರು ಕುಣಿದರು. ಹಿರಿಯರು ಹಾರ ಹಾಕಿಸಿಕೊಂಡರು. ಅಕ್ಕಿಕಾಳು ಬಿದ್ದವು. ಗಂಡಸರು ಸಾಲಾಗಿ ಊಟಕ್ಕೆ ಕುಳಿತರು.

“ಅವ್ವ ಎಲ್ಲಿ?” ಎಂದಳು ಅಕ್ಕ.

“ಮುಂದ ಬರ್ತಾಳ, ತಡಿ.”

ವಿಡಿಯೋ ನಲವತ್ತು ನಿಮಿಷ ಇತ್ತು. ಅವ್ವ ಬರಲಿಲ್ಲ. ಮತ್ತೆ ಮೊದಲಿನಿಂದ ಹಚ್ಚಿದರು. ಊಟದ ಸಾಲು ಬಂದಾಗ ಅಕ್ಕ ಒಮ್ಮೆಲೆ “ನಿಂದ್ರಸು!” ಎಂದಳು.

ಚಿತ್ರದ ಅಂಚಿನಲ್ಲಿ ಒಂದು ಕೈ ಇತ್ತು. ಹಸಿರು ಬಳೆಯ ಕೈ. ರೊಟ್ಟಿಯ ಬುಟ್ಟಿಯನ್ನು ಯಾರಿಗೋ ಕೊಡುತ್ತಿತ್ತು. ಬಳೆಯ ಮೇಲೆ ಹಿಟ್ಟು ಹತ್ತಿತ್ತು.

“ಅವ್ವನ ಕೈ” ಎಂದಳು ಅಕ್ಕ.

ಯಾರೂ ಮಾತಾಡಲಿಲ್ಲ. ಅವ್ವ ಅಂದು ಕೋಳಿ ಕೂಗುವ ಹೊತ್ತಿಗೆ ಒಲೆಯ ಮುಂದೆ ಕುಳಿತಿದ್ದಳು. ಕತ್ತಲಾಗುವವರೆಗೂ ಅಲ್ಲೇ ಇದ್ದಳು. ನಲವತ್ತು ನಿಮಿಷದ ವಿಡಿಯೋದಲ್ಲಿ ಅವಳದು ಒಂದು ಕೈ ಮಾತ್ರ ಇದೆ.

ತಮ್ಮನ ಕಣ್ಣು ತುಂಬಿದವು. “ನಾ ಒಲಿ ಕಡೆ ಹೋಗಲೇ ಇಲ್ಲ ಅಕ್ಕಾ. ಲಗ್ನ ಅಂದ್ರ ಹಂದರದಾಗ ನಡೀತದ ಅಂತ ತಿಳಕೊಂಡಿದ್ದೆ” ಎಂದ.

ಅಕ್ಕ ಅವನ ಬೆನ್ನು ಸವರಿದಳು. “ನಿನ್ನೊಬ್ಬನ ತಪ್ಪಲ್ಲ. ಕ್ಯಾಮೆರಾ ತಾನಾಗಿ ಏನೂ ನೋಡಲ್ಲ. ಹಿಡಿದವರು ಯಾವ ಕಡೆ ತಿರುಗಿಸ್ತಾರ, ಆ ಕಡೆ ನೋಡ್ತದ. ನಾವೂ ‘ಇತ್ತ ಬಾ, ನಮ್ಮನ್ನೂ ತೆಗಿ’ ಅಂತ ಅಂದಿದ್ದಿಲ್ಲ” ಎಂದಳು.

5. ಕಾಣದ ಕೈಗಳು

ತಂಗಿ ಮೆಲ್ಲಗೆ ಹೇಳಿದಳು: “ದೊಡ್ಡ ಸಿನಿಮಾದಾಗೂ ಹಿಂಗೇ ಆಗ್ಯಾದ.”

ನಮ್ಮ ದೇಶದ ‘ರಾಜಾ ಹರಿಶ್ಚಂದ್ರ’ ಸಿನಿಮಾ 1913ರಲ್ಲಿ ಬಂತು. ಮಾಡಿದವರು ದಾದಾಸಾಹೇಬ್ ಫಾಲ್ಕೆ. ಆಗ ಸಿನಿಮಾದಲ್ಲಿ ಪಾತ್ರ ಮಾಡಲು ಹೆಂಗಸರು ಮುಂದೆ ಬರಲಿಲ್ಲ. ರಾಣಿ ತಾರಾಮತಿಯ ಪಾತ್ರವನ್ನೂ ಗಂಡಸೇ ಮಾಡಿದ. ಆದರೆ ಪರದೆಯ ಹಿಂದೆ ಒಬ್ಬ ಹೆಣ್ಣುಮಗಳು ದುಡಿದಳು. ಆಕೆ ಫಾಲ್ಕೆಯವರ ಹೆಂಡತಿ ಸರಸ್ವತಿಬಾಯಿ. ಕೆಲಸದವರಿಗೆಲ್ಲ ಅಡಿಗೆ ಮಾಡಿ ಹಾಕಿದರು. ಫಿಲ್ಮಿನ ಕೆಲಸದಲ್ಲಿಯೂ ಕೈ ಜೋಡಿಸಿದರು. ಆ ಸಿನಿಮಾದಲ್ಲಿ ಅವರ ಮುಖ ಕಾಣುವುದಿಲ್ಲ.

ಆಮೇಲೆ ಕಾಲ ಬದಲಾಯಿತು. ಹೆಂಗಸರು ನಟಿಸಿದರು. ಹೆಂಗಸರ ಕಥೆಗಳೂ ಪರದೆಗೆ ಬಂದವು. ತ್ರಿವೇಣಿ ಅವರು ಬರೆದ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಮನಸ್ಸಿನ ಬೇನೆಯಿಂದ ಗುಣವಾಗಿ ಮನೆಗೆ ಬಂದ ಹೆಂಗಸಿನ ಕಥೆ ಅದು. ಕಲ್ಪನಾ ಅವರು ಆ ಪಾತ್ರ ಮಾಡಿದರು. 1983ರಲ್ಲಿ ಪ್ರೇಮಾ ಕಾರಂತ ಅವರು ‘ಫಣಿಯಮ್ಮ’ ಸಿನಿಮಾ ನಿರ್ದೇಶಿಸಿದರು. ಕಥೆ ಎಂ.ಕೆ. ಇಂದಿರಾ ಅವರದು. ಬಾಲ್ಯದಲ್ಲೇ ವಿಧವೆಯಾದ ಹೆಣ್ಣಿನ ಬಾಳು ಅದರಲ್ಲಿದೆ. ಬರೆದವರು ಹೆಣ್ಣು. ಮಾಡಿಸಿದವರೂ ಹೆಣ್ಣು. 1999ರ ಹೊತ್ತಿಗೆ ಕವಿತಾ ಲಂಕೇಶ್ ಅವರು ‘ದೇವೀರಿ’ ಸಿನಿಮಾ ಮಾಡಿದರು. ಅದು ಒಬ್ಬ ಅಕ್ಕ ಮತ್ತು ತಮ್ಮನ ಕಥೆ.

“ನೋಡಕ್ಕಾ, ಅಕ್ಕತಂಗಿಯರು ಎಲ್ಲಿ ಅಂತ ಕೇಳಿದ್ದೆಲ್ಲ. ಬಂದಾರ” ಎಂದಳು ತಂಗಿ.

6. ಅಕ್ಕನ ಚಿತ್ರಕಥೆ

ಮರುದಿನ ಮುಂಜಾನೆ ಅಕ್ಕ ನೋಟ್‌ಬುಕ್ ಹಿಡಿದು ಬಂದಳು.

“ಅವ್ವನ ತೆಗೀಲಿಕ್ಕಾಗಲಿಲ್ಲ. ದೊಡ್ಡವ್ವ ಅದಾಳ. ಅವಳೂ ಅವ್ವನಂಗೇ ರೊಟ್ಟಿ ಬಡೀತಾಳ. ಅವಳನ್ನ ತೆಗಿಯೋಣು. ನಾ ಬರಕೊಂಡು ಬಂದೀನಿ” ಎಂದಳು.

ಅಕ್ಕ ಹೀಗೆ ಬರೆದಿದ್ದಳು:

ಒಂದು: ಕತ್ತಲು. ಒಲೆಯ ಬೆಂಕಿ.
ಎರಡು: ಹಿಟ್ಟು ನಾದುವ ಕೈ. ಹತ್ತಿರದಿಂದ.
ಮೂರು: ರೊಟ್ಟಿ ಬಡಿಯುವ ಸಪ್ಪಳ.
ನಾಲ್ಕು: ದೊಡ್ಡವ್ವನ ಮುಖ. ಅವಸರ ಮಾಡಬಾರದು.
ಐದು: ತುಂಬಿದ ಬುಟ್ಟಿ. ಉಣ್ಣುವ ಮಕ್ಕಳು.

ಮೊದಲು ಮೂವರೂ ದೊಡ್ಡವ್ವನ ಮನೆಗೆ ಹೋದರು. ಯಾಕೆ, ಏನು ಎಂದು ತಿಳಿಸಿ ಹೇಳಿದರು. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ದೊಡ್ಡವ್ವ ಮೊದಲು ನಾಚಿಕೊಂಡಳು. “ರೊಟ್ಟಿ ಬಡಿಯೂದು ಏನು ಸಿನಿಮಾನ್ರವ್ವಾ?” ಎಂದಳು. ಆಮೇಲೆ “ಹೂಂ, ತೆಗೀರಿ. ಆದರ ಮೊದಲು ನನಗ ತೋರಿಸ್ಬೇಕು” ಎಂದಳು.

ತಮ್ಮ ಮೊಬೈಲ್ ಹಿಡಿದ. ತಂಗಿ ಬೆಳಕಿಗೆ ಬಾಗಿಲು ತೆರೆದಳು. ಅಕ್ಕ ಬರೆದದ್ದನ್ನು ಓದಿ ಹೇಳಿದಳು. ಸಂಜೆ ಕೂತು ತುಂಡುಗಳನ್ನು ಜೋಡಿಸಿದರು. ಎಲ್ಲ ಕೂಡಿ ಮೂರು ನಿಮಿಷವಾಯಿತು. ದೊಡ್ಡವ್ವ ಎರಡು ಸಲ ನೋಡಿದಳು. ತನ್ನ ಕೈಯನ್ನು ತಾನೇ ನೋಡಿ ಸುಮ್ಮನೆ ಕುಳಿತಳು.

“ಕೊನೀಗೆ ಹೆಸರು ಹಾಕಬೇಕು ಅಕ್ಕಾ. ನಿರ್ದೇಶನ ಅಂತ ನಿನ್ನ ಹೆಸರು ಬರಿ” ಎಂದ ತಮ್ಮ.

ಅಕ್ಕ ಬಿಳಿ ಹಾಳೆ ತಗೊಂಡಳು. ಮೊದಲು ದೊಡ್ಡವ್ವನ ಹೆಸರು ಬರೆದಳು. ಅದರ ಕೆಳಗೆ ಮೂವರ ಹೆಸರು ಬರೆದಳು. ಎಲ್ಲಕ್ಕೂ ಕೆಳಗೆ ಅವ್ವನ ಹೆಸರನ್ನು ದುಂಡಗೆ ಬರೆದಳು. ಅವ್ವನ ಹೆಸರನ್ನು ಅವಳು ಬರೆದದ್ದು ಅದೇ ಮೊದಲು. ತಮ್ಮ ಆ ಹಾಳೆಯ ಚಿತ್ರ ತೆಗೆದ.

ಪದಗಳ ಅರ್ಥ

ಚಿತ್ರಕಥೆ: ಕಥೆಯನ್ನು ದೃಶ್ಯ ದೃಶ್ಯವಾಗಿ ಬರೆದದ್ದು
ನಿರ್ದೇಶಕರು: ಸಿನಿಮಾ ಹೇಗಿರಬೇಕೆಂದು ಹೇಳಿ ಮಾಡಿಸುವವರು
ಛಾಯಾಗ್ರಹಣ: ಕ್ಯಾಮೆರಾದಿಂದ ಚಿತ್ರ ತೆಗೆಯುವುದು
ಸಂಕಲನ: ಚಿತ್ರದ ತುಂಡುಗಳನ್ನು ಆರಿಸಿ ಜೋಡಿಸುವುದು

ಹೇಳಿರಿ, ಬರೆಯಿರಿ

1. ಒಂದು ಸೆಕೆಂಡಿಗೆ ಎಷ್ಟು ಚಿತ್ರಗಳು ಓಡುತ್ತವೆ?
2. ಲೂಮಿಯೇರ್ ಸಹೋದರರ ಸಿನಿಮಾದಲ್ಲಿ ಫ್ಯಾಕ್ಟರಿಯಿಂದ ಹೊರಗೆ ಬಂದವರು ಯಾರು?
3. ಲಗ್ನದ ವಿಡಿಯೋದಲ್ಲಿ ಅವ್ವ ಯಾಕೆ ಕಾಣಲಿಲ್ಲ?
4. ಲೆಕ್ಕ ಮಾಡಿರಿ: ದೊಡ್ಡವ್ವನ ಮೂರು ನಿಮಿಷದ ಚಿತ್ರ ಸೆಕೆಂಡಿಗೆ 24ರಂತೆ ಓಡಿದರೆ ಅದರಲ್ಲಿ ಎಷ್ಟು ಫೋಟೋ ಇರುತ್ತವೆ?

ಕೂಡಿ ಮಾತಾಡಿರಿ

ನಿಮ್ಮ ಮನೆಯ ಫೋಟೋಗಳನ್ನು ತೆಗೆದು ನೋಡಿರಿ. ಅವುಗಳಲ್ಲಿ ಯಾರು ಇದ್ದಾರೆ? ಯಾರು ಇಲ್ಲ? ನಿಮ್ಮ ಊರಿನ ಬಗ್ಗೆ ನೀವು ಸಿನಿಮಾ ಮಾಡಿದರೆ ಮೊದಲು ಏನು ತೋರಿಸುತ್ತೀರಿ? ಐದು ಸಾಲು ಬರೆಯಿರಿ. ಕೆಳಗೆ ನಿಮ್ಮ ಹೆಸರು ಹಾಕಿರಿ.