ಬ್ಯಾಟರಿ ಅರ್ಧ ಖಾಲಿ ಇರಲಿ

ಜನರೇಟರ್, ಸೋಲಾರ್, ಇನ್ವರ್ಟರ್ ಮೂರನ್ನೂ ಒಂದೇ ಲೈನಿಗೆ ಕೂಡಿಸುವುದು ನನ್ನ ಕಸುಬು. 2020ರ ಮಾರ್ಚ್‌ನಲ್ಲಿ ತುಂಗಭದ್ರೆಯ ನಡುವಿನ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ತೆರವು ಮಾಡುವವರೆಗೂ ಈ ಕೆಲಸಕ್ಕೆ ಅಲ್ಲಿಗೇ ಹೆಚ್ಚು ಹೋಗುತ್ತಿದ್ದೆ. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಗಡ್ಡೆಯ ಸುತ್ತ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಂತೂ ಪ್ರವಾಸಿಗರನ್ನು ರಕ್ಷಣಾ ತಂಡಗಳು ಹೊರತರಬೇಕಾಯಿತು. ಹೊರಗಿನ ಲೈನ್ ಹೋದಾಗ ಜನರೇಟರ್ ಇದ್ದ ಅಂಗಳವೇ ಒಂದು ಪುಟ್ಟ ಗ್ರಿಡ್. ಗ್ರಿಡ್ ಹೇಗೆ ಉಸಿರಾಡುತ್ತದೆ ಎಂಬುದನ್ನು ಕಲಿತದ್ದು ಅಲ್ಲಿಯೇ.

1. ಮೊದಲು ಫ್ರೀಕ್ವೆನ್ಸಿ ಬೀಳುವುದನ್ನು ಕಣ್ಣಾರೆ ನೋಡಿ.
ಸಣ್ಣ ಡೀಸೆಲ್ ಜನರೇಟರ್ ಲೋಡ್ ಇಲ್ಲದೆ ಓಡುವಾಗ ಮೀಟರ್ 52 ಹರ್ಟ್ಸ್ ತೋರಿಸುತ್ತದೆ. ಲೋಡ್ ಏರಿದಂತೆ ಅದು 50ರ ಕಡೆ ಇಳಿಯುತ್ತದೆ. ಆಗ 5 ಎಚ್‌ಪಿ ಪಂಪಿನ ಸ್ಟಾರ್ಟರ್ ಒತ್ತಿ. ಹೊರಡುವ ಆ ಗಳಿಗೆಯಲ್ಲಿ ಮೋಟರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಎಂಜಿನ್ ಸದ್ದು ಕುಗ್ಗುತ್ತದೆ, ಬಲ್ಬು ಮಂಕಾಗುತ್ತದೆ, ಅಂಕಿ 47ಕ್ಕೆ ಜಾರುತ್ತದೆ. ಗವರ್ನರ್ ಡೀಸೆಲ್ ಹೆಚ್ಚಿಸಿ ಸರಿಪಡಿಸುವಷ್ಟರಲ್ಲಿ ಕೆಲವು ಸೆಕೆಂಡು ಕಳೆದಿರುತ್ತದೆ. ಅದೇ ಲೈನಿಗೆ ಬ್ಯಾಟರಿ ಇನ್ವರ್ಟರ್ ಸೇರಿಸಿ ಮತ್ತೆ ಸ್ಟಾರ್ಟರ್ ಒತ್ತಿದರೆ, ಮೊದಲ ಹೊರೆಯನ್ನು ಬ್ಯಾಟರಿ ಹೊರುತ್ತದೆ, ಎಂಜಿನ್ ಹೆಚ್ಚೇನೂ ತಿಣುಕುವುದಿಲ್ಲ.

2. ದೊಡ್ಡ ಗ್ರಿಡ್ಡಿಗೂ ಇದೇ ಲೆಕ್ಕ.
ನಮ್ಮ ದೇಶದ ಗ್ರಿಡ್ 49.90ರಿಂದ 50.05 ಹರ್ಟ್ಸ್ ಒಳಗೆ ಇರಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಾವು ಪಾರಾದೆವು, ಏಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯೇ ಫ್ರೀಕ್ವೆನ್ಸಿಯಲ್ಲಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಯಿತು. ಅಂದಿನಿಂದ ಗಂಗಾವತಿಯ ರೈಸ್‌ಮಿಲ್ಲೂ ದೆಹಲಿಯ ಮೆಟ್ರೋವೂ ಒಂದೇ ಫ್ರೀಕ್ವೆನ್ಸಿಗೆ ಕಟ್ಟಿಬಿದ್ದಿವೆ. ಶಕ್ತಿನಗರ, ಕುಡತಿನಿಗಳ ಭಾರೀ ಟರ್ಬೈನ್‌ಗಳು ಲೋಡ್ ಏರುಪೇರಾದರೂ ತಿರುಗುವ ಭಾರದಿಂದಲೇ ತುಸು ಹೊತ್ತು ಗ್ರಿಡ್ಡನ್ನು ಹಿಡಿದು ನಿಲ್ಲಿಸುತ್ತವೆ. ಕುಷ್ಟಗಿ, ಯಲಬುರ್ಗಾ ಬಯಲಿನ ಗಾಳಿಯಂತ್ರಗಳಿಗೂ ಗ್ರಿಡ್ಡಿಗೂ ನಡುವೆ ಎಲೆಕ್ಟ್ರಾನಿಕ್ಸ್ ಇರುತ್ತದೆ. ರೆಕ್ಕೆ ಎಷ್ಟೇ ದೊಡ್ಡದಿರಲಿ, ಅದರ ಭಾರ ತಾನಾಗಿ ಗ್ರಿಡ್ಡಿನ ನೆರವಿಗೆ ಬರುವುದಿಲ್ಲ. ಗಾಳಿ, ಬಿಸಿಲಿನ ಕರೆಂಟ್ ಹೆಚ್ಚಿದಷ್ಟೂ ಆ ತಿರುಗುವ ಭಾರದ ಜಾಗ ತುಂಬಲು ಬ್ಯಾಟರಿ ಬೇಕು.

3. ತುಂಬಿದ ಬ್ಯಾಟರಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.
ಇದನ್ನು ಒಪ್ಪಿಸುವುದೇ ಕಷ್ಟ. ಮನೆಯ ಇನ್ವರ್ಟರ್ ಸದಾ ಫುಲ್ ಇರಬೇಕು ಎಂದು ನಮಗೆಲ್ಲ ರೂಢಿಯಾಗಿದೆ. ಕರೆಂಟ್ ಹೋದಾಗಿನ ಆಸರೆಗೆ ಅದು ಸರಿ. ಫ್ರೀಕ್ವೆನ್ಸಿ ಕಾಯುವ ಬ್ಯಾಟರಿ ಹಾಗಲ್ಲ: ಫ್ರೀಕ್ವೆನ್ಸಿ ಬಿದ್ದಾಗ ಅದು ಕೊಡಬೇಕು, ಏರಿದಾಗ ಎಳೆದುಕೊಳ್ಳಬೇಕು. ಹೊರಗಿನ ಲೈನ್ ಇಲ್ಲದ ಪುಟ್ಟ ಗ್ರಿಡ್ಡಿನಲ್ಲಿ ಮಧ್ಯಾಹ್ನ ಬಿಸಿಲು ಜೋರಿದ್ದು ಬಳಕೆ ಕಡಿಮೆಯಿದ್ದಾಗ ಬ್ಯಾಟರಿ ಫುಲ್ ಆಗಿದ್ದರೆ ಇನ್ವರ್ಟರ್ ತಾನೇ ಫ್ರೀಕ್ವೆನ್ಸಿಯನ್ನು 51ರ ಮೇಲಕ್ಕೆ ಏರಿಸಿ ಸೋಲಾರನ್ನು ನಿಲ್ಲಿಸಿಬಿಡುತ್ತದೆ. ಪುಕ್ಕಟೆ ಬಿಸಿಲು ಹಾಳು. ಅರ್ಧದ ಆಸುಪಾಸಿನಲ್ಲಿಟ್ಟರೆ ಎರಡೂ ಕಡೆ ಕೈಯಾಡುತ್ತದೆ, ಲಿಥಿಯಂ ಸೆಲ್ಲಿನ ಆಯುಸ್ಸೂ ಹೆಚ್ಚುತ್ತದೆ.

4. ಎಷ್ಟು ಯೂನಿಟ್ ಹಿಡಿಯುತ್ತದೆ ಎಂಬುದಕ್ಕಿಂತ ಎಷ್ಟು ಕಿಲೋವಾಟ್, ಎಷ್ಟು ಬೇಗ ಕೊಡುತ್ತದೆ ಎಂದು ಕೇಳಿ.
ದಕ್ಷಿಣ ಆಸ್ಟ್ರೇಲಿಯಾ 2016ರ ಸೆಪ್ಟೆಂಬರ್‌ನಲ್ಲಿ ಇಡೀ ರಾಜ್ಯವೇ ಕತ್ತಲಾದ ಮೇಲೆ, 2017ರಲ್ಲಿ ಹಾರ್ನ್ಸ್‌ಡೇಲ್‌ನ ಗಾಳಿ ವಿದ್ಯುತ್ ಕೇಂದ್ರದ ಪಕ್ಕದಲ್ಲಿ 100 ಮೆಗಾವಾಟ್ ಬ್ಯಾಟರಿ ಕೂರಿಸಿತು. ಅದರಲ್ಲಿ 70 ಮೆಗಾವಾಟನ್ನು ಗ್ರಿಡ್ಡಿನ ಭದ್ರತೆಗೆಂದು ಮೀಸಲಿಟ್ಟದ್ದು ಬರೀ 10 ನಿಮಿಷದ ಲೆಕ್ಕದಲ್ಲಿ. ಅಷ್ಟರೊಳಗೆ ಬೇರೆ ಕೇಂದ್ರಗಳು ಎದ್ದು ನಿಲ್ಲುತ್ತವೆ.

5. ಪ್ರತಿ ಅಲುಗಾಟಕ್ಕೂ ಓಡಿಸಬೇಡಿ.
50ರ ಎರಡೂ ಬದಿಗೆ ಬ್ಯಾಟರಿ ಕದಲದಂತೆ ಸ್ವಲ್ಪ ಜಾಗ ಬಿಟ್ಟು ಸೆಟ್ಟಿಂಗ್ ಮಾಡಿ.

6. ನಮ್ಮ ಸೀಮೆಯ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿಯಿರಿ.
ಕೊಪ್ಪಳದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಲಿಥಿಯಂ ಸೆಲ್ಲಿಗೆ ಆ ಕಾವು ಆಗಿಬರುವುದಿಲ್ಲ. ತಗಡಿನ ಶೆಡ್ ಬೇಡವೇ ಬೇಡ. ತಂಪು ಮಾಡಲು ತಗಲುವ ಕರೆಂಟನ್ನೂ ಖರ್ಚಿಗೆ ಸೇರಿಸಿ.

ಗಾಳಿ ವಿದ್ಯುತ್ ಬಂದು ಸೇರುವ ನಮ್ಮ ಜಿಲ್ಲೆಯ ಸಬ್‌ಸ್ಟೇಷನ್‌ಗಳಿಗೆ ಬ್ಯಾಟರಿ ಟೆಂಡರ್ ಬರೆಯುವ ಎಂಜಿನಿಯರ್‌ಗಳಲ್ಲಿ ಒಂದು ವಿನಂತಿ. ಸಂಜೆ ಎಷ್ಟು ಗಂಟೆ ಕರೆಂಟ್ ಕೊಡಬೇಕು ಎಂದಷ್ಟೇ ಬರೆದು ನಿಲ್ಲಿಸಬೇಡಿ. ಫ್ರೀಕ್ವೆನ್ಸಿ ಬಿದ್ದರೆ ಎಷ್ಟು ಬೇಗ ಪೂರ್ತಿ ಕೊಡಬೇಕು, ಏರಿದಾಗ ಎಳೆದುಕೊಳ್ಳಲು ಎಷ್ಟು ಪಾಲು ಖಾಲಿ ಇಡಬೇಕು ಎಂಬುದನ್ನೂ ಕರಾರಿನಲ್ಲೇ ಸೇರಿಸಿ.